ಕೋಳಿಯನ್ನು ಕೇಳಿ ಗೂಡು ಕಟ್ಟಿ

ಕೋಳಿಯನ್ನು ಕೇಳಿ ಮಸಾಲೆ ಅರೆಯುವುದುಂಟೇ ಎಂಬ ಗಾದೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಮಸಾಲೆಯ ಮಾತು ಹಾಗಿರಲಿ. ಮೊಟ್ಟೆ ಇಡುವ ಗೂಡಿನ ವಿಷಯದಲ್ಲಿ ಮಾತ್ರ ಕೋಳಿಯನ್ನು ಕೇಳದೆ ಮಾಡಿದ ಏರ್ಪಾಡು ಬಹುಮಟ್ಟಿಗೆ ವ್ಯರ್ಥವಾಗುತ್ತದೆ. ಹೇಟೆಗೆ ತನ್ನದೇ ಆದ ಇಷ್ಟಾನಿಷ್ಟಗಳಿವೆ. ಹಿಂಡಿನೊಳಗೆ ಅದಕ್ಕೊಂದು ಸ್ಥಾನಮಾನವಿದೆ. ಇವೆರಡನ್ನೂ ಅರಿಯದೆ ತಳಿಯನ್ನೋ ಮೇವನ್ನೋ ದೂರುವುದರಿಂದ ಪ್ರಯೋಜನವಿಲ್ಲ.

ಬೆಳ್ಳಾವಿ ಹೋಬಳಿಯ ಹಳ್ಳಿಗಳಿಗೆ ರಾಗಿ, ತೆಂಗಿನ ವಿಚಾರ ಹೇಳಲು ಹೋದರೂ ಜಗಲಿಯ ಮೇಲೆ ಕುಳಿತ ಮೇಲೆ ಹೆಣ್ಣುಮಕ್ಕಳ ಮಾತು ಕೋಳಿಯ ಕಡೆಗೇ ತಿರುಗುತ್ತದೆ. ಅವರ ದೂರು ಸಾಮಾನ್ಯವಾಗಿ ಒಂದೇ. “ಗಿರಿರಾಜ ಮರಿ ತಂದೆವು, ಚೆನ್ನಾಗಿ ಮೈದುಂಬಿದವು, ಮೊಟ್ಟೆ ಮಾತ್ರ ಕಾಣೆ.” ಕಾಣೆ ಎಂಬ ಮಾತು ನಿಜ, ಇಡುತ್ತಿಲ್ಲ ಎಂಬುದು ಬಹಳ ಕಡೆ ನಿಜವಲ್ಲ. ಬಣವೆಯ ಬುಡದಲ್ಲಿ, ಸೌದೆ ಒಟ್ಟಿನ ಸಂದಿನಲ್ಲಿ, ಲಂಟಾನ ಬೇಲಿಯ ಒಳಗೆ ಹತ್ತು ಹನ್ನೆರಡು ಮೊಟ್ಟೆ ಒಟ್ಟಿಗೆ ಸಿಕ್ಕಾಗ ಗುಟ್ಟು ರಟ್ಟಾಗುತ್ತದೆ. ಅಷ್ಟರಲ್ಲಿ ಮುಂಗುಸಿಯೋ ಕೇರೆ ಹಾವೋ ತನ್ನ ಪಾಲು ತೆಗೆದುಕೊಂಡಿರುತ್ತದೆ. ಉಳಿದವು ಎಷ್ಟು ದಿನದವು ಎಂದು ಯಾರಿಗೂ ತಿಳಿಯದು.

ಇಲ್ಲಿ ಕಾಲವೂ ಕೋಳಿಯ ಪರವಾಗಿರುತ್ತದೆ. ಮುಂಗಾರಿನ ಆರಂಭದಲ್ಲಿ ಹುಟ್ಟಿದ ಗಿರಿರಾಜ ಮರಿ ಸುಮಾರು ಐದೂವರೆ ತಿಂಗಳಿಗೆ, ಎಂದರೆ ನವೆಂಬರ್-ಡಿಸೆಂಬರ್ ಹೊತ್ತಿಗೆ ಮೊದಲ ಮೊಟ್ಟೆಗೆ ಬರುತ್ತದೆ. ಸರಿಯಾಗಿ ಅದೇ ಹೊತ್ತಿಗೆ ರಾಗಿ ಕೊಯ್ಲು ಮುಗಿದು ಕಣದಲ್ಲಿ ಹೊಸ ಬಣವೆ ಏಳುತ್ತದೆ. ಬೆಚ್ಚಗಿನ, ಮೆತ್ತಗಿನ, ಅರೆಗತ್ತಲೆಯ ಜಾಗ! ನಾವು ಹಲಗೆಯಿಂದ ಮಾಡಿಟ್ಟ ಪೆಟ್ಟಿಗೆ ಅದರ ಮುಂದೆ ಯಾವ ಲೆಕ್ಕ? ಮೊದಲ ಕೆಲವು ಮೊಟ್ಟೆಗಳನ್ನು ಎಲ್ಲಿ ಇಟ್ಟಿತೋ ಅಲ್ಲಿಗೇ ಮತ್ತೆ ಮತ್ತೆ ಹೋಗುವುದು ಹೇಟೆಯ ಸ್ವಭಾವ. ಡಿಸೆಂಬರಿನಲ್ಲಿ ತಪ್ಪಿದ್ದು ವರ್ಷವಿಡೀ ತಪ್ಪುತ್ತದೆ.

ಇದರ ಮುಂದಿನ ಅಧ್ಯಾಯ ಇನ್ನೂ ಬೇಸರದ್ದು. ಮೊಟ್ಟೆ ಕಾಣದ ಹೇಟೆಗೆ “ಗೊಡ್ಡು” ಎಂಬ ಹೆಸರು ಬಂದು, ಯುಗಾದಿಯ ಮರುದಿನ ಹೊಸತೊಡಕಿಗೆ ಅದೇ ಮೊದಲು ಕತ್ತಿಗೆ ಕೊರಳೊಡ್ಡುತ್ತದೆ. ಕೊಯ್ದಾಗ ಹೊಟ್ಟೆಯಲ್ಲಿ ಗೋಲಿಯಿಂದ ಹಿಡಿದು ನಿಂಬೆ ಗಾತ್ರದವರೆಗೆ ಹಳದಿ ಗೊಂಚಲು ಕಾಣುತ್ತದೆ. ಆಗ ಗೃಹಿಣಿ ನೊಂದುಕೊಂಡು ಫಲವಿಲ್ಲ. ರಾಗಿ, ಕೊಬ್ಬರಿಯ ಹಣ ಯಾರ ಕೈ ಸೇರುತ್ತದೆಂಬುದು ಎಲ್ಲರೂ ಬಲ್ಲ ಸಂಗತಿ. ಮೊಟ್ಟೆಯ ಕಾಸು ಮಾತ್ರ ಮನೆಯಾಕೆಯ ಸೆರಗಿನ ಗಂಟಿನದು; ಮಗುವಿನ ನೋಟ್‌ಪುಸ್ತಕ, ಬಸ್ಸಿನ ಚಾರ್ಜು, ಔಷಧಿ ಎಲ್ಲಕ್ಕೂ ಅದೇ ಆಧಾರ. ಹತ್ತು ಹೇಟೆಗಳು ವರ್ಷಕ್ಕೆ ತಲಾ 140ರಂತೆ 1,400 ಮೊಟ್ಟೆ ಇಡುತ್ತವೆ ಎಂದಿಟ್ಟುಕೊಳ್ಳಿ. ಐದರಲ್ಲಿ ಒಂದು ಹುಲ್ಲಿನ ಪಾಲಾದರೆ 280 ಮೊಟ್ಟೆ ಹೋಯಿತು. ಮೊಟ್ಟೆಗೆ ಹತ್ತೇ ರೂಪಾಯಿ ಹಿಡಿದರೂ 2,800 ರೂಪಾಯಿ ಆಕೆಯ ಕೈತಪ್ಪಿದಂತೆ.

ಗೊಡ್ಡು ಎನ್ನುವ ಮುನ್ನ

ಹೇಟೆ ಮೊಟ್ಟೆಯಲ್ಲಿದೆಯೇ ಇಲ್ಲವೇ ಎಂಬುದನ್ನು ಕೈಯಿಂದಲೇ ಪರೀಕ್ಷಿಸಬಹುದು. ಸಂಜೆ ಗೂಡಿಗೆ ಸೇರಿದ ಮೇಲೆ ಮೆಲ್ಲಗೆ ಎತ್ತಿಕೊಂಡು ಬಾಲದ ಕೆಳಗೆ ಮುಟ್ಟಿ ನೋಡಿರಿ. ಮಲದ್ವಾರದ ಎರಡು ಪಕ್ಕಗಳಲ್ಲಿ ಎರಡು ಚೂಪು ಮೂಳೆಗಳ ತುದಿ ಸಿಗುತ್ತದೆ. ಅವುಗಳ ನಡುವೆ ಎರಡು ಮೂರು ಬೆರಳು ಹಿಡಿಸಿದರೆ, ದ್ವಾರ ಅಗಲವಾಗಿ ತೇವವಾಗಿದ್ದರೆ, ಅದು ಮೊಟ್ಟೆ ಇಡುತ್ತಿರುವ ಕೋಳಿ. ಒಂದು ಬೆರಳೂ ಹಿಡಿಸದಿದ್ದರೆ, ದ್ವಾರ ಒಣಗಿ ಮುದುಡಿದ್ದರೆ, ಸದ್ಯಕ್ಕೆ ಮೊಟ್ಟೆ ಇಲ್ಲ. ಜುಟ್ಟು ಕೆಂಪಗೆ ಹೊಳೆಯುತ್ತಿರುವುದು ಇನ್ನೊಂದು ಗುರುತು. ಹಳದಿ ಕಾಲಿನ ಕೋಳಿಯಾದರೆ ಮೊಟ್ಟೆಯ ಹಳದಿಗೆ ಬಣ್ಣ ಖರ್ಚಾಗಿ ಕೊಕ್ಕು, ಕಾಲು ಕ್ರಮೇಣ ಬಿಳಿಚಿಕೊಳ್ಳುತ್ತವೆ. ಇಷ್ಟನ್ನು ನೋಡದೆ ಯಾವ ಹೇಟೆಯನ್ನೂ ಮಾರಬೇಡಿರಿ, ಕೊಯ್ಯಬೇಡಿರಿ.

ಹೊರಗೆ ಇಡುತ್ತಿದೆ ಎಂದು ಖಚಿತವಾದರೆ ಅದರ ಹಿಂದೆ ಹೋಗಿ ನೋಡುವುದೇ ಉಪಾಯ. ಮೊಟ್ಟೆ ಇಡುವ ಒಂದೆರಡು ಗಂಟೆ ಮೊದಲೇ ಹೇಟೆ ಚಡಪಡಿಸತೊಡಗುತ್ತದೆ. ಹಿಂಡಿನಿಂದ ಬೇರೆಯಾಗಿ ಅತ್ತಿಂದಿತ್ತ ಅಡ್ಡಾಡುತ್ತ, ದೀರ್ಘವಾಗಿ ನರಳುವಂತೆ ಕೊಕ್ಕರಿಸುತ್ತ, ಸಂದಿಗೊಂದಿಗಳಲ್ಲಿ ಕತ್ತು ತೂರಿಸಿ ನೋಡುತ್ತದೆ. ಜಾಗ ಒಪ್ಪಿಗೆಯಾದರೆ ಕಾಲಿನಿಂದ ಕೆದರಿ, ಎದೆಯಿಂದ ಒತ್ತಿ, ಸುತ್ತ ತಿರುಗಿ ಬಟ್ಟಲಿನಂಥ ತಗ್ಗು ಮಾಡಿಕೊಂಡು ಕೂರುತ್ತದೆ. ಹೊರಟ ಕೋಳಿಯನ್ನು ಅಟ್ಟಿಸಿಕೊಂಡು ಹೋದರೆ ಅದು ದಾರಿ ಬದಲಿಸಿ ನಿಮ್ಮನ್ನೇ ಏಮಾರಿಸುತ್ತದೆ. ದೂರದಲ್ಲಿ ನಿಂತು, ಬೇರೆ ಕೆಲಸದಲ್ಲಿರುವಂತೆ ಗಮನಿಸಬೇಕು. ಈ ಕೆಲಸಕ್ಕೆ ನಮಗಿಂತ ಮನೆಯ ಮಕ್ಕಳು ಲೇಸು.

ಕಾಡಿನಿಂದ ಬಂದ ಗುಣ

ಈ ಚಡಪಡಿಕೆ ನಾವು ಕಲಿಸಿದ್ದಲ್ಲ. ನಮ್ಮ ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ. ಹಳದಿ ಚರ್ಮದ ಗುಣ ಮಾತ್ರ ದಕ್ಷಿಣ ಭಾರತದ ಬೂದು ಕಾಡುಕೋಳಿಯಿಂದ ಬಂದಿದೆ ಎಂದು 2008ರಲ್ಲಿ ಪ್ರಕಟವಾದ ವಂಶವಾಹಿ ಸಂಶೋಧನೆ ತಿಳಿಸಿತು. ಕಾಡಿನಲ್ಲಿ ಹಿಂಡಿನ ನಡುವೆ ಮೊಟ್ಟೆ ಇಟ್ಟ ಹೇಟೆಯ ವಂಶ ಉಳಿಯಲಾರದು. ಪೊದೆಯ ಬುಡದಲ್ಲಿ, ಮೂರು ಕಡೆ ಮರೆಯಿದ್ದು ಒಂದು ಕಡೆ ತೆರೆದ ಜಾಗದಲ್ಲಿ, ಒಣ ಎಲೆಯ ಮೇಲೆ ಕದ್ದು ಇಟ್ಟದ್ದರ ವಂಶ ಉಳಿಯಿತು. ಸಾವಿರಾರು ವರ್ಷ ಮನುಷ್ಯನ ಜೊತೆಗಿದ್ದರೂ ಹೇಟೆ ಇದನ್ನು ಮರೆತಿಲ್ಲ.

ಎಡಿನ್‌ಬರೋ ನಗರದ ಕೋಳಿ ಸಂಶೋಧನಾ ಕೇಂದ್ರದಲ್ಲಿ ವುಡ್-ಗಷ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು 1960ರ ದಶಕದಲ್ಲಿ ಕಂಡುಕೊಂಡ ಸಂಗತಿ ಸ್ವಾರಸ್ಯಕರವಾಗಿದೆ. ಗೂಡು ಹುಡುಕುವ ತವಕ ಮೊಟ್ಟೆಯ ಒತ್ತಡದಿಂದ ಬರುವುದಲ್ಲ. ಹಿಂದಿನ ದಿನ ಹಳದಿಯನ್ನು ಹೊರಬಿಟ್ಟು ಬರಿದಾದ ಅಂಡಾಶಯದ ಚೀಲವೇ ಅದಕ್ಕೆ ಕಾರಣ. ಆ ಚೀಲವನ್ನು ತೆಗೆದುಹಾಕಿದ ಹೇಟೆಗಳು ಮೊಟ್ಟೆ ಇಟ್ಟವಾದರೂ ಗೂಡಿನ ಗೊಡವೆಗೆ ಹೋಗಲಿಲ್ಲ. ಎಂದರೆ ಗೂಡು ಬೇಕೆಂಬುದು ಕೋಳಿಯ ಮೈಯೊಳಗೇ ಒಂದು ದಿನ ಮುಂಚಿತವಾಗಿ ಬರೆದಿಟ್ಟ ವಿಷಯ. ಗೂಡು ಇದ್ದರೂ ಇಲ್ಲದಿದ್ದರೂ ಆ ವೇಳೆಗೆ ಅದು ಹುಡುಕಿಯೇ ತೀರುತ್ತದೆ. ನಾಮಕ್ಕಲ್ ಕಡೆಯ ದೊಡ್ಡ ಫಾರಂಗಳ ತಂತಿ ಪಂಜರದಲ್ಲಿರುವ ಲೆಗ್‌ಹಾರ್ನ್ ಕೋಳಿಯೂ ಮೊಟ್ಟೆಗೆ ಮೊದಲು ಇದ್ದಷ್ಟೇ ಜಾಗದಲ್ಲಿ ಹೆಜ್ಜೆ ಹಾಕಿ ಒದ್ದಾಡುವುದನ್ನು ನೋಡಬಹುದು. ಐರೋಪ್ಯ ಒಕ್ಕೂಟದ ದೇಶಗಳು ಗೂಡಿಲ್ಲದ ಬರಿಯ ತಂತಿ ಪಂಜರಗಳನ್ನು 2012ರಿಂದ ನಿಷೇಧಿಸಲು ಇಂಥ ಅಧ್ಯಯನಗಳೂ ಕಾರಣ. ನಮ್ಮ ಹಿತ್ತಲ ಕೋಳಿಗೆ ಆ ಕಷ್ಟವಿಲ್ಲ. ಅದಕ್ಕೆ ಜಾಗ ಹೆಚ್ಚಾಗಿರುವುದೇ ನಮಗೆ ಕಷ್ಟ.

ಯಾರು ಮೊದಲು, ಯಾರು ಕೊನೆ

ಗೂಡು ಚೆನ್ನಾಗಿದ್ದರೂ ಕೆಲವು ಹೇಟೆಗಳು ನೆಲದ ಮೇಲೆ ಇಡುವುದುಂಟು. ಕಾರಣ ಗೂಡಿನಲ್ಲಿಲ್ಲ, ಹಿಂಡಿನಲ್ಲಿದೆ. ನಾರ್ವೆ ದೇಶದ ಶೆಲ್ಡೆರುಪ್-ಎಬ್ಬೆ ಎಂಬಾತ ಬಾಲ್ಯದಿಂದಲೇ ಹಿತ್ತಲ ಕೋಳಿಗಳಿಗೆ ಹೆಸರಿಟ್ಟು, ಯಾವುದು ಯಾವುದನ್ನು ಕುಕ್ಕುತ್ತದೆ ಎಂದು ಬರೆದಿಡುತ್ತಿದ್ದ. ಅವನು 1922ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ಪ್ರಬಂಧದಿಂದ ‘ಕುಕ್ಕುವ ಸರದಿ’ ಎಂಬ ವಿಚಾರ ಪ್ರಪಂಚಕ್ಕೆ ಪರಿಚಯವಾಯಿತು. ಮೇಲಿನದು ಎಲ್ಲವನ್ನೂ ಕುಕ್ಕಬಹುದು, ಕೊನೆಯದು ಯಾವುದನ್ನೂ ಕುಕ್ಕುವಂತಿಲ್ಲ. ನಡುವಿನವು ತಮಗಿಂತ ಕೆಳಗಿನವುಗಳ ಮೇಲೆ ಮಾತ್ರ ಅಧಿಕಾರ ನಡೆಸುತ್ತವೆ. ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ.

ಈ ಸರದಿ ಕೆಟ್ಟದ್ದೆಂದು ತಿಳಿಯಬಾರದು. ಒಮ್ಮೆ ಸ್ಥಾನ ತೀರ್ಮಾನವಾದ ಮೇಲೆ ಜಗಳ ಕಡಿಮೆಯಾಗಿ, ಬರೀ ಕತ್ತೆತ್ತಿ ನೋಡಿದರೆ ಸಾಕು, ಕೆಳಗಿನದು ಸರಿದು ನಿಲ್ಲುತ್ತದೆ. ಕೋಳಿಗಳು ಒಂದನ್ನೊಂದು ಗುರುತಿಸುವುದು ಮುಖ್ಯವಾಗಿ ತಲೆ ಮತ್ತು ಜುಟ್ಟಿನಿಂದ. ಹತ್ತು ಇಪ್ಪತ್ತು ಕೋಳಿಯ ಹಿಂಡಿನಲ್ಲಿ ಎಲ್ಲಕ್ಕೂ ಎಲ್ಲದರ ಪರಿಚಯವಿರುತ್ತದೆ. ನೂರಾರು ಕೋಳಿಯ ಶೆಡ್ಡಿನಲ್ಲಿ ಈ ಲೆಕ್ಕ ನಿಲ್ಲದು. ಅಲ್ಲಿ ಅವು ಜುಟ್ಟಿನ ಗಾತ್ರ, ಮೈಕಟ್ಟು ನೋಡಿ ತಗ್ಗಿ ನಡೆಯುತ್ತವೆ.

ತೊಂದರೆ ಬರುವುದು ಬೆಳಗಿನ ಗೂಡಿನ ಸರದಿಯಲ್ಲಿ. ಒಂದು ಮೊಟ್ಟೆ ತಯಾರಾಗಲು 24ರಿಂದ 26 ಗಂಟೆ ಬೇಕು. ಅದರಲ್ಲಿ 20 ಗಂಟೆಯಷ್ಟು ಚಿಪ್ಪಿಗೇ ಹೋಗುತ್ತದೆ. ಹೆಚ್ಚಿನ ಹೇಟೆಗಳು ಬೆಳಕು ಹರಿದ ಮೇಲೆ ಮಧ್ಯಾಹ್ನದ ಒಳಗೇ ಇಡುವುದರಿಂದ ಒಂದೇ ಹೊತ್ತಿಗೆ ಎಲ್ಲವೂ ಗೂಡು ಬಯಸುತ್ತವೆ. ಮೇಲಿನ ಸ್ಥಾನದ ಹೇಟೆ ಒಳಗೆ ಕುಳಿತರೆ ಕೆಳಗಿನದು ಬಾಗಿಲಲ್ಲಿ ಕಾಯುತ್ತದೆ, ಕುಕ್ಕು ತಿನ್ನುತ್ತದೆ, ಕೊನೆಗೆ ಮೂಲೆಯಲ್ಲೋ ಬೇಲಿಯಲ್ಲೋ ಇಟ್ಟುಬಿಡುತ್ತದೆ. ಐದು ಹೇಟೆಗೆ ಒಂದು ಗೂಡು ಎಂಬ ಲೆಕ್ಕ ಪುಸ್ತಕದಲ್ಲಿದೆ. ಹತ್ತು ಹನ್ನೆರಡು ಕೋಳಿ ಇರುವ ಮನೆಗೆ ಎರಡು ಸಾಲದು, ಮೂರು ಇಡಿರಿ ಎಂಬುದು ನನ್ನ ಸಲಹೆ. ಮೂರನ್ನೂ ಒಂದೇ ಕಡೆ ಸಾಲಾಗಿ ಇಡದೆ ಒಂದನ್ನು ಬೇರೆ ಮೂಲೆಯಲ್ಲಿಟ್ಟರೆ ಕೊನೆಯ ಸ್ಥಾನದ ಹೇಟೆಗೆ ತಲೆಮರೆಸಿಕೊಳ್ಳಲು ಒಂದು ನೆಲೆಯಾಗುತ್ತದೆ. ಸಾಲಿನಲ್ಲಿ ಕೊನೆಯ ಗೂಡು, ಮೂಲೆಯ ಗೂಡು ಇವುಗಳ ಮೇಲೇ ಹೇಟೆಗಳಿಗೆ ಮೋಹ. ನಡುವಿನದು ಖಾಲಿಯಿದ್ದರೂ ಮೂಲೆಯದರಲ್ಲಿ ಎರಡು ಮೂರು ಒಂದರ ಮೇಲೊಂದು ಕೂರುವುದನ್ನು ನೋಡಿ ನಗುವವರಿದ್ದಾರೆ. ನಗು ಮೊಟ್ಟೆ ಒಡೆಯುವವರೆಗೆ ಮಾತ್ರ.

ಸಂಜೆಯ ಸರದಿಯೂ ಇದೆ. ಎತ್ತರದ ಕೋಲಿನ ಮೇಲೆ ಮಲಗುವ ಹಕ್ಕು ಮೇಲಿನವುಗಳದ್ದು. ಕೋಲಿನಲ್ಲಿ ಜಾಗ ಸಿಗದ ಬಡಪಾಯಿಗಳು ಮೊಟ್ಟೆ ಗೂಡಿನಲ್ಲೇ ಮಲಗಿ ರಾತ್ರಿಯೆಲ್ಲ ಹಿಕ್ಕೆ ಹಾಕುತ್ತವೆ. ಬೆಳಿಗ್ಗೆ ಆ ಕೊಳಕು ಗೂಡನ್ನು ಯಾವ ಹೇಟೆಯೂ ಒಪ್ಪದು. ಒಪ್ಪಿದರೂ ಮೊಟ್ಟೆ ಕೊಳೆಯಾಗುತ್ತದೆ. ಆದ್ದರಿಂದ ಕೋಳಿಗೊಂದು ಗೇಣಿನಷ್ಟು ಉದ್ದ ಬರುವಂತೆ ಕೋಲು ಕಟ್ಟಿ, ಅದು ಗೂಡಿಗಿಂತ ಎತ್ತರದಲ್ಲಿರುವಂತೆ ನೋಡಿಕೊಳ್ಳಬೇಕು. ಸಂಜೆ ಗೂಡಿನ ಬಾಯಿಗೆ ಹಲಗೆ ಅಡ್ಡ ಇಟ್ಟರೆ ಇನ್ನೂ ಒಳ್ಳೆಯದು. ಮರಿಗಳಿಗೆ ಎಳೆಯ ವಯಸ್ಸಿನಲ್ಲೇ ಕೋಲು ಹತ್ತುವ ಅಭ್ಯಾಸವಾದರೆ ಮುಂದೆ ಎತ್ತರದ ಗೂಡನ್ನು ಬಳಸಲು ಹಿಂಜರಿಯವು. ನೆಲದ ಮೊಟ್ಟೆಗಳೂ ಕಡಿಮೆಯಾಗುತ್ತವೆ.

ಸಂತೆಯಿಂದ ತಂದ ಒಂಟಿ ಕೋಳಿ

ಸಂತೆಯಿಂದ ಒಂದೇ ಒಂದು ಹೇಟೆ ತಂದು ಹಗಲು ಹೊತ್ತಿನಲ್ಲಿ ಹಳೆಯ ಹಿಂಡಿಗೆ ಬಿಡುವುದಕ್ಕಿಂತ ಕ್ರೂರವಾದ ಕೆಲಸ ಇನ್ನೊಂದಿಲ್ಲ. ಇಡೀ ಹಿಂಡು ಅದರ ಮೇಲೆ ಬೀಳುತ್ತದೆ. ಜುಟ್ಟು ರಕ್ತವಾಗಿ, ಮೇವು ನೀರಿಗೆ ಹತ್ತಿರ ಸೇರಿಸದೆ, ಅದು ಸೊರಗುತ್ತದೆ. ಸರದಿ ಕದಡಿದ್ದರಿಂದ ಹಳೆಯವುಗಳ ಮೊಟ್ಟೆಯೂ ಕೆಲವು ದಿನ ತಗ್ಗುತ್ತದೆ. ಅದಕ್ಕಿಂತ ಮಿಗಿಲಾಗಿ ಕೊಕ್ಕರೆ ರೋಗ ಹಿತ್ತಲಿಗೆ ಕಾಲಿಡುವ ದಾರಿಗಳಲ್ಲಿ ಇದು ಮುಖ್ಯವಾದದ್ದು.

ತಂದ ಕೋಳಿಯನ್ನು ಎರಡು ಮೂರು ವಾರ ದೂರದಲ್ಲಿ ಬೇರೆಯಾಗಿಟ್ಟು ರೋಗವಿಲ್ಲವೆಂದು ತಿಳಿದ ಮೇಲೆ, ಒಂದು ವಾರ ಬಿದಿರು ತಡಿಕೆ ಅಥವಾ ತಂತಿಬಲೆಯ ಆಚೆ ಹಿಂಡಿಗೆ ಕಾಣುವಂತೆ ಇಡಿರಿ. ಬಳಿಕ ಕತ್ತಲಾದ ಮೇಲೆ ಕೋಲಿನ ಮೇಲೆ ಕೂರಿಸಬೇಕು. ಒಂದರ ಬದಲು ಒಂದೇ ಗಾತ್ರದ ಮೂರು ನಾಲ್ಕನ್ನು ಸೇರಿಸಿದರೆ ಪೆಟ್ಟು ಹಂಚಿಹೋಗುತ್ತದೆ. ಮೇವು ನೀರಿನ ತಟ್ಟೆ ಎರಡು ಮೂರು ಕಡೆ ಇರಲಿ. ಒಂದು ಹುಂಜವಿದ್ದರೆ ಹೇಟೆಗಳ ನಡುವಿನ ಜಗಳ ತಕ್ಕಮಟ್ಟಿಗೆ ತಗ್ಗುತ್ತದೆ. ಮೊಟ್ಟೆಗೆ ಹುಂಜ ಬೇಕೇ ಎಂದು ಈಗಲೂ ಕೇಳುವವರಿದ್ದಾರೆ. ಮೊಟ್ಟೆಗೆ ಬೇಡ, ಮರಿಗೆ ಬೇಕು. ಬೇಸಿಗೆಯಲ್ಲಿ ಹುಂಜವಿಲ್ಲದ ಹಿಂಡಿನ ಮೊಟ್ಟೆಯೇ ಹೆಚ್ಚು ದಿನ ಕೆಡದೆ ಉಳಿಯುತ್ತದೆ.

ಗಾಯ ಎಲ್ಲಿದೆ ಎಂಬುದನ್ನು ನೋಡಿಯೇ ಕಾರಣ ಹೇಳಬಹುದು. ತಲೆ, ಜುಟ್ಟಿನ ಮೇಲಿದ್ದರೆ ಅದು ಸ್ಥಾನದ ಜಗಳ, ತಾನಾಗಿಯೇ ಮುಗಿಯುತ್ತದೆ. ಬೆನ್ನು, ಬಾಲದ ಬುಡದಲ್ಲಿ ಪುಕ್ಕ ಕಿತ್ತಿದ್ದರೆ ಅದು ಬೇರೆ ರೋಗ. ಕೆದರಿ ತಿನ್ನಲು ಏನೂ ಸಿಗದೆ, ಇಕ್ಕಟ್ಟಿನಲ್ಲಿ, ಪೌಷ್ಟಿಕಾಂಶದ ಕೊರತೆಯಲ್ಲಿ ಬೆಳೆಯುವ ದುರಭ್ಯಾಸ ಅದು. ನುಗ್ಗೆ ಸೊಪ್ಪು, ಅಗಸೆ ಸೊಪ್ಪಿನ ಕಟ್ಟನ್ನು ಕೋಳಿಗೆ ಎಟಕುವಂತೆ ನೇತುಹಾಕಿ, ನೆಲಕ್ಕೆ ಒಣ ಹೊಟ್ಟು ಹರಡಿದರೆ ಕೊಕ್ಕಿಗೆ ಕೆಲಸ ಸಿಗುತ್ತದೆ. ಮಲದ್ವಾರದ ಬಳಿ ರಕ್ತ ಕಂಡರೆ ಆ ಕೋಳಿಯನ್ನು ಕೂಡಲೇ ಬೇರ್ಪಡಿಸಬೇಕು. ಬೆಳಕಿನಲ್ಲಿ, ಬಯಲಿನಲ್ಲಿ ಮೊಟ್ಟೆ ಇಡುವಾಗ ಒಳಗಿನ ಕೆಂಪು ಭಾಗ ಹೊರಗೆ ಕಾಣುತ್ತದೆ. ಉಳಿದವು ಅದನ್ನು ಕುಕ್ಕಿ ರುಚಿ ಹತ್ತಿದರೆ ಕರುಳು ಎಳೆಯುವವರೆಗೆ ಬಿಡವು. ಕತ್ತಲೆಯ ಗೂಡು ಮೊಟ್ಟೆಯನ್ನಷ್ಟೇ ಅಲ್ಲ, ಹೇಟೆಯ ಪ್ರಾಣವನ್ನೂ ಕಾಯುತ್ತದೆ.

ಹೇಟೆ ಒಪ್ಪುವ ಗೂಡು

ಅಡಿ ಅಗಲ, ಅಡಿ ಉದ್ದ, ಅಡಿಗಿಂತ ಸ್ವಲ್ಪ ಹೆಚ್ಚು ಎತ್ತರ ಸಾಕು. ಹಳೆಯ ಟೊಮ್ಯಾಟೊ ಕ್ರೇಟು, ಅಡ್ಡಹಾಕಿದ ಮಡಕೆ, ಬಿದಿರು ಮಕ್ಕರಿ ಯಾವುದಾದರೂ ಆಗಬಹುದು. ಗಿರಿರಾಜ ತೂಕದ ಕೋಳಿ; ಅದಕ್ಕೆ ಎರಡು ಮೂರು ಅಂಗುಲ ಹೆಚ್ಚು ಅಗಲ ಕೊಡಿ. ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿಟ್ಟು, ಹತ್ತಲು ಮುಂದೆ ಒಂದು ಕೋಲು ಕಟ್ಟಿರಿ. ಮುಂದಿನ ಅಂಚಿಗೆ ನಾಲ್ಕು ಅಂಗುಲದ ಪಟ್ಟಿ ಹೊಡೆಯದಿದ್ದರೆ ಹುಲ್ಲೂ ಮೊಟ್ಟೆಯೂ ಹೊರಗುರುಳುತ್ತವೆ.

ಹಾಸು ಮುಖ್ಯ. ಎದೆಯಿಂದ ಒತ್ತಿದರೆ ಬಟ್ಟಲಾಗುವಂಥದ್ದನ್ನು ಹೇಟೆ ಬಯಸುತ್ತದೆ. ಬರಿಯ ಹಲಗೆ, ಗೋಣಿಚೀಲದ ಮಡಿಕೆ ಅದಕ್ಕೆ ಸೇರದು. ಕತ್ತರಿಸಿದ ಹುಲ್ಲು, ಭತ್ತದ ಹೊಟ್ಟು ಮೂರು ನಾಲ್ಕು ಅಂಗುಲ ಇರಲಿ. ಕಡಲೆಕಾಯಿ ಸಿಪ್ಪೆ ನಮ್ಮಲ್ಲಿ ಸುಲಭವಾಗಿ ಸಿಗುತ್ತದಾದರೂ ತೇವವಾದರೆ ಬೂಷ್ಟು ಹಿಡಿಯುವುದರಿಂದ ಅದನ್ನು ಬಿಡುವುದೇ ಕ್ಷೇಮ. ಬಾಯಿಗೆ ನಡುವೆ ಸೀಳಿದ ಗೋಣಿ ಪರದೆಯನ್ನೋ ಹೆಣೆದ ತೆಂಗಿನ ಗರಿಯನ್ನೋ ಇಳಿಬಿಟ್ಟರೆ ಒಳಗೆ ಬೇಕಾದ ಅರೆಗತ್ತಲೆ ಬರುತ್ತದೆ. ತಗಡಿನ ಮಾಡಿನ ಕೆಳಗೆ, ಪಶ್ಚಿಮದ ಬಿಸಿಲಿಗೆ ಗೂಡು ಇಡಬಾರದು. ಏಪ್ರಿಲಿನ ಕಾವಿಗೆ ಹೇಟೆ ಗೂಡು ಬಿಟ್ಟು ಬಚ್ಚಲ ಹಿಂದಿನ ತಂಪಿಗೆ ಹೋದರೆ ಅದರ ತಪ್ಪಲ್ಲ.

ಮೊದಲ ಮೊಟ್ಟೆಗೆ ಎರಡು ವಾರ ಮುಂಚೆಯೇ ಗೂಡು ಸಿದ್ಧವಾಗಿರಬೇಕು. ಜುಟ್ಟು ಕೆಂಪೇರಿ, ಬೆನ್ನ ಮೇಲೆ ಕೈ ಇಟ್ಟರೆ ಹೇಟೆ ಮೈ ತಗ್ಗಿಸಿ ಕೂರತೊಡಗಿದರೆ ದಿನ ಹತ್ತಿರವಾಯಿತೆಂದು ಅರ್ಥ. ಆಗ ಒಂದು ವಾರ ಹತ್ತು ದಿನ ಬೆಳಿಗ್ಗೆ ಹತ್ತು ಹನ್ನೊಂದು ಗಂಟೆಯವರೆಗೆ ಕೋಳಿಮನೆಯ ಬಾಗಿಲು ತೆಗೆಯಬೇಡಿರಿ. ಒಳಗೆ ನೀರು ಮೇವು ಇಡುವುದನ್ನು ಮರೆಯಬಾರದು. ಬೆಳಗಿನ ಹುಳುಹುಪ್ಪಟೆ ತಪ್ಪುತ್ತದೆಂಬ ನಷ್ಟ ಇದ್ದೇ ಇದೆ. ಆದರೆ ಅದು ಹತ್ತು ದಿನದ ನಷ್ಟ. ಗೂಡಿನ ಅಭ್ಯಾಸವಾದ ಮೇಲೆ ಎಂದಿನಂತೆ ಬಿಡಬಹುದು.

ಗೂಡಿನಲ್ಲಿ ಒಂದು ಮೊಟ್ಟೆ ಬಿಟ್ಟೇ ಉಳಿದದ್ದನ್ನು ತೆಗೆಯಬೇಕೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದು ಮೂಢನಂಬಿಕೆಯಲ್ಲ. ಮೊಟ್ಟೆ ಕಂಡ ಕಡೆಯೇ ಮೊಟ್ಟೆ ಇಡಲು ಹೇಟೆ ಇಷ್ಟಪಡುತ್ತದೆ. ನಿಜವಾದ ಮೊಟ್ಟೆ ಬಿಸಿಲಿಗೆ ಕೆಡುವುದರಿಂದ ಮರದಲ್ಲಿ ಕಡೆದದ್ದನ್ನೋ ಸುಣ್ಣ ಬಳಿದ ಉರುಟು ಕಲ್ಲನ್ನೋ ಇಟ್ಟರೆ ಅದೇ ಕೆಲಸ ಮಾಡುತ್ತದೆ. ಕುಕ್ಕಿದರೆ ಒಡೆಯದ ಕಾರಣ ಮೊಟ್ಟೆ ತಿನ್ನುವ ಚಟ ಹತ್ತದಂತೆಯೂ ಆಗುತ್ತದೆ. ದಿನಕ್ಕೆ ಎರಡು ಬಾರಿ ಮೊಟ್ಟೆ ಎತ್ತುವುದು, ಕಪ್ಪೆಚಿಪ್ಪಿನ ಪುಡಿ ಕೊಡುವುದು ಇದಕ್ಕೆ ಪೂರಕ.

ಕಾವಿಗೆ ಕೂರುವ ಮಾತು

ನಾಟಿ ಹೇಟೆ ವರ್ಷಕ್ಕೆ 50-60 ಮೊಟ್ಟೆ ಇಟ್ಟು ಮೂರು ನಾಲ್ಕು ಬಾರಿ ಕಾವಿಗೆ ಕೂರುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಿಂದ ಹೆಬ್ಬಾಳದಲ್ಲಿ 1989ರಲ್ಲಿ ಬಂದ ಗಿರಿರಾಜ 130-150, 2005ರಲ್ಲಿ ಬಂದ ಸ್ವರ್ಣಧಾರ 180-190 ಮೊಟ್ಟೆ ಕೊಡಬಲ್ಲವು. ಕಾವಿನ ಗುಣ ಇವುಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕಾವು ಬಂದ ಹೇಟೆಯನ್ನು ನೀರಿನಲ್ಲಿ ಅದ್ದುವುದು, ಮೂಗಿಗೆ ಗರಿ ಚುಚ್ಚುವುದು ಹಿಂಸೆಯೇ ಹೊರತು ಉಪಾಯವಲ್ಲ. ಕತ್ತಲೆಯ ಗೂಡಿನಿಂದ ಹೊರತಂದು, ಹಾಸಿಲ್ಲದ, ಅಡಿಯಿಂದ ಗಾಳಿಯಾಡುವ ಬಿದಿರು ಪಂಜರದಲ್ಲಿ ಬೆಳಕಿನಲ್ಲಿ ನಾಲ್ಕೈದು ದಿನ ಇಟ್ಟು ಮೇವು ನೀರು ಕೊಟ್ಟರೆ ಕಾವು ಇಳಿಯುತ್ತದೆ. ಆದರೂ ಮನೆಯಲ್ಲಿ ಒಂದೆರಡು ಒಳ್ಳೆಯ ಕಾವಿನ ನಾಟಿ ಹೇಟೆ ಇರಲೇಬೇಕು. ಕರೆಂಟಿಲ್ಲದೆ 21 ದಿನದಲ್ಲಿ ಮರಿ ಮಾಡಿ, ಹದ್ದಿನಿಂದ ಕಾಪಾಡಿ, ಮೇಯುವುದನ್ನು ಕಲಿಸುವ ಯಂತ್ರ ಇನ್ನೂ ಬಂದಿಲ್ಲ. ಅದನ್ನು ಹಿಂಡಿನಿಂದ ಪ್ರತ್ಯೇಕವಾಗಿ ಕೂರಿಸಿರಿ. ಇಲ್ಲವಾದರೆ ಉಳಿದ ಹೇಟೆಗಳು ಅದರ ಕೆಳಗೇ ಮೊಟ್ಟೆ ಸೇರಿಸಿ ದಿನದ ಲೆಕ್ಕ ತಪ್ಪಿಸುತ್ತವೆ.

ಕೊನೆಯದಾಗಿ, ಚೆನ್ನಾಗಿ ಬಳಸುತ್ತಿದ್ದ ಗೂಡನ್ನು ಹೇಟೆಗಳೆಲ್ಲ ಒಮ್ಮೆಲೇ ಬಿಟ್ಟರೆ ರಾತ್ರಿ ಬ್ಯಾಟರಿ ಹಿಡಿದು ಗೂಡಿನ ಸಂದುಗಳನ್ನು ನೋಡಿ. ಹಗಲು ಬಿರುಕಿನಲ್ಲಿ ಅಡಗಿ ರಾತ್ರಿ ರಕ್ತ ಹೀರುವ ಕೆಂಪು ನುಸಿ, ಕೋಳಿ ಉಣ್ಣೆ ಅಲ್ಲಿರಬಹುದು, ಕಟ್ಟಿರುವೆ ಸೇರಿರಲೂಬಹುದು. ಹಾಸನ್ನು ಸುಟ್ಟು, ಗೂಡನ್ನು ಎರಡು ದಿನ ಕಡುಬಿಸಿಲಿನಲ್ಲಿಟ್ಟು, ಬಿರುಕುಗಳಿಗೆ ಇಳಿಯುವಂತೆ ಗಟ್ಟಿ ಸುಣ್ಣ ಬಳಿಯಬೇಕು. ಔಷಧಿ ಹೊಡೆಯುವುದಾದರೆ ಪಶುವೈದ್ಯರನ್ನು ಕೇಳಿಯೇ ಹೊಡೆಯಿರಿ. ತೋಟಕ್ಕೆಂದು ತಂದ ಕೀಟನಾಶಕವನ್ನು ಮೊಟ್ಟೆ ಇಡುವ ಗೂಡಿಗೆ ಖಂಡಿತ ಬಳಸಬಾರದು. ಮರಿ ಮತ್ತು ತರಬೇತಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜನ್ನೋ ಹೆಸರಘಟ್ಟದ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆಯನ್ನೋ ವಿಚಾರಿಸಬಹುದು. ತಿಪಟೂರು ಕಡೆಯವರಿಗೆ ಕೊನೇಹಳ್ಳಿಯ, ತುಮಕೂರು ಕಡೆಯವರಿಗೆ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರ. ಮರಿಗೆ ಮುಂಗಡ ಹೇಳಿಡುವುದು ಅಗತ್ಯ. ಗೂಡನ್ನು ಮಾತ್ರ ರಾಗಿ ಕೊಯ್ಲಿಗೆ ಮೊದಲೇ ಮಾಡಿಕೊಳ್ಳಿರಿ.